ಬೊಂಬೆ ಕಟ್ಟಿದ ಕೊಂಬೆ

ಎಲ್ಲಕ್ಕೂ ಕಾರಣ ಭೈರೇಶನ ಬಾಯಿ. ಮಲ್ಲತ್ತಹಳ್ಳಿ ಕೆರೆ ಸುತ್ತ ವಾಕಿಂಗ್ ಮಾಡುತ್ತಾ ಜೊತೆಗಾರರ ಮುಂದೆ, ಚಿಕ್ಕಬಳ್ಳಾಪುರದಾಚೆಯ ಬೆಟ್ಟದ ತುದಿ ಕಾಡಿನಲ್ಲಿ ಅಪರೂಪದ ಹಕ್ಕಿ ಕಂಡೆನೆಂದು ಬುರುಡೆ ಬಿಟ್ಟಿದ್ದ. ಹೇಗಿತ್ತು ಎಂದು ಕೇಳಿದರೆ ಬೇರೇನೂ ತೋಚದೆ, ಹೆಂಡತಿ ಕಲಾಳ ದಸರಾ ಬೊಂಬೆಗಳಲ್ಲಿದ್ದ ಜೋಡಿ ಹಕ್ಕಿಯನ್ನೇ ವರ್ಣಿಸಿದ: ನೀಲಿ ಬೆನ್ನು, ಕಿತ್ತಳೆ ಎದೆ. ಅಂದಿನಿಂದ ಅವನು 'ಹಕ್ಕಿ ಸಾರ್'.

"ತೋರಿಸ್ಬೇಕು ಸಾರ್. ಇಲ್ದಿದ್ರೆ ಬುರುಡೆ ಸಾರ್ ಅಂತೀವಿ," ಎಂದರು ಪಕ್ಕದ ಮನೆ ಅನಂತಲಕ್ಷ್ಮಿ.

ನವರಾತ್ರಿಯ ಮೊದಲ ದಿನವೇ ಭಾನುವಾರ. ಬೆಳಗಾಗುವ ಮುಂಚೆ ಟೆಂಪೋ ಟ್ರಾವೆಲರ್ ಹೊರಟೇಬಿಟ್ಟಿತು. ಕಲಾಳೂ ಹತ್ತಿದಳು. ಭೈರೇಶನ ಸ್ವೆಟರಿನೊಳಗೆ ಜೋಡಿಯಲ್ಲೊಂದು ಬೊಂಬೆ ಬಸುರಿನಂತೆ ಉಬ್ಬಿತ್ತು.

ಬೆಟ್ಟದ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂಥ ಮಂಜು. "ದಾರಿ ನೋಡ್ಕೊಂಡು ಬರ್ತೀನಿ," ಎಂದು ಓಡಿದ ಭೈರೇಶ, ಬೊಂಬೆಯನ್ನು ಕೊಂಬೆಗೆ ಕಟ್ಟಿ ಬಂದು ಸಾಧುವಿನಂತೆ ಟೀ ಕುಡಿದ. ಎಲ್ಲೋ ಹೋಗಿದ್ದ ಕಲಾ ಬ್ಯಾಗಿನ ಜಿಪ್ ಎಳೆಯುತ್ತಾ ಬಂದಳು.

"ಬಂಡೆ ಪಕ್ಕದ ಮರ ನೋಡಿ. ಹತ್ರ ಹೋಗ್ಬೇಡಿ, ಮಾತಾಡ್ಬೇಡಿ," ಎಂದ ಭೈರೇಶ.

"ಮಾತಾಡ್ಬೇಡಿ ಅಂದ್ರೆ ನಂಗೆ ಕೆಮ್ಮು ಬರತ್ತೆ," ಎಂದರು ಅನಂತಲಕ್ಷ್ಮಿ.

ನಿವೃತ್ತ ಕಂಡಕ್ಟರ್ ರೇವಣಸಿದ್ದಯ್ಯ ದುರ್ಬೀನನ್ನು ತಿರುಗುಮುರುಗಾಗಿ ಹಿಡಿದು, "ಮರ ಮಂಡ್ಯದಲ್ಲಿದ್ದಂಗಿದೆಯಲ್ರೀ!" ಎಂದ. ಸರಿಮಾಡಿಕೊಂಡವನೇ ಕಿರುಚಿದ: "ಇದೆ ಕಣ್ರೀ! ನೀಲಿ ಬೆನ್ನು!"

ತಾನೇ ಕಟ್ಟಿದ್ದನ್ನು ತಾನು ನೋಡುವುದೇನು? ಭೈರೇಶ ಅತ್ತ ಬೆನ್ನು ಹಾಕಿ ಕುಳಿತು ಚಿತ್ರಾನ್ನದ ಡಬ್ಬಿ ಬಿಚ್ಚಿದ.

"ಬಾಲ ಕುಣಿಸ್ತಿದೆ!" ಅನಂತಲಕ್ಷ್ಮಿಯ ದನಿ. ಭೈರೇಶ ಕಡಲೆಬೀಜ ಆರಿಸಿಕೊಂಡ.

"ಹಾರ್ತು! ಹಾರ್ತು!"

ನಂಬಿಸಿದ್ದು ತುಸು ಹೆಚ್ಚೇ ಆಯಿತೆಂದು ಒಳಗೊಳಗೇ ನಕ್ಕ.

ಎಲ್ಲರೂ ಇಳಿದ ಮೇಲೆ ಹೋಗಿ ನೋಡಿದರೆ ಕೊಂಬೆ ಖಾಲಿ! ಅತ್ತೆ ಕೊಟ್ಟ ಬೊಂಬೆ! ಸಂಜೆ ಬೊಂಬೆ ಕೂರಿಸುವಾಗ ಕಲಾ ಕೇಳಿದರೆ? ಟ್ರಾವೆಲರ್ ಹಾರನ್ ಬಡಿದುಕೊಳ್ಳುವವರೆಗೂ ತರಗೆಲೆ ಕೆದಕಿದ, ಹೇಂಟೆಯ ಹಾಗೆ.

ಸಂಜೆ ಮನೆಯಲ್ಲಿ ನೋಡಿದರೆ, ಬೊಂಬೆ ಕೂರಿಸಿದ ಮೆಟ್ಟಿಲ ಮೇಲೆ ಎರಡೂ ಹಕ್ಕಿ ಕುಳಿತಿವೆ.

"ರೀ, ನಮ್ಮಮ್ಮನ ಬೊಂಬೆ ಮುಟ್ಟಿದ್ರೆ ಗೊತ್ತಾಗಲ್ವಾ ನಂಗೆ?" ಎಂದಳು ಕಲಾ. "ನಿಮ್ಮ ಹಿಂದೇನೇ ಬಂದೆ. ನೀವು ಟೀ ಕುಡೀತಿದ್ದಾಗ್ಲೇ ಬಿಚ್ಕೊಂಡೆ."

"ಹಂಗಾದ್ರೆ ಅವರು ನೋಡಿದ್ದು?"

"ಹಕ್ಕೀನೇ! ಅದೇ ಕೊಂಬೇಲಿ ಬಂದು ಕೂತಿತ್ತು. ಎಷ್ಟು ಚೆಂದ ಇತ್ತು! ಎಲ್ರೂ ನೋಡಿದ್ವಿ. ನೀವೊಬ್ರೇ ಚಿತ್ರಾನ್ನ ನೋಡ್ತಿದ್ರಿ."

ಅಷ್ಟರಲ್ಲಿ ಕುಂಕುಮಕ್ಕೆ ಬಂದ ಅನಂತಲಕ್ಷ್ಮಿ, ರೆಕ್ಕೆ ಬಿಚ್ಚಿದ ಹಕ್ಕಿಯ ಫೋಟೋವನ್ನು ಅವನ ಮೂಗಿಗೇ ಹಿಡಿದರು. "ಹಕ್ಕಿ ಸಾರ್, ಮುಂದಿನ ಭಾನುವಾರ ದೊಡ್ಡ ಬಸ್ಸೇ ಗೊತ್ತು ಮಾಡಿದೀವಿ. ಐವತ್ತು ಜನ. ಅದೇ ಕೊಂಬೆ, ಅದೇ ಹಕ್ಕಿ ತೋರಿಸ್ಬೇಕು!"

ಭೈರೇಶನ ಕಣ್ಣು ಮೆಲ್ಲಗೆ ಬೊಂಬೆಗಳ ಕಡೆ ಹೊರಳಿತು.

ಕಲಾ ಎರಡನ್ನೂ ಎತ್ತಿ ಬೀರುವಿನೊಳಗಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.