ಅಕ್ಕನ ಬ್ಯಾಚ್ ಫೈಲು

ನಮ್ಮ ಅಕ್ಕನಷ್ಟು ಸೋಮಾರಿ ಹೆಂಗಸು ಇಡೀ ಕಾಗವಾಡದಲ್ಲಿ ಸಿಗಲಿಕ್ಕಿಲ್ಲ. ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ ಉಳಿಸುವುದಕ್ಕೆ ವಾರಗಟ್ಟಲೆ ದುಡಿಯುತ್ತಾಳೆಂದರೆ ನೀವೇ ಯೋಚಿಸಿ!

ದ್ರಾಕ್ಷಿ ತೋಟದ ಔಷಧ, ನೀರಿನ ಪಾಳಿ ಎಲ್ಲವನ್ನೂ ಅಕ್ಕ ನೋಟ್‌ಪ್ಯಾಡಿನಲ್ಲಿ ಬರೆದಿಡುತ್ತಾಳೆ. ಬೇಕಾದಾಗ ಹುಡುಕಿ ತೆರೆದರಾಯಿತಲ್ಲ? ಛೆ, ಅದು ನಿಮ್ಮಂಥವರ ದಾರಿ! ಅಕ್ಕ ಒಂದೊಂದಕ್ಕೂ ಬ್ಯಾಚ್ ಫೈಲ್ ಬರೆಯುತ್ತಾಳೆ. ಅಂದರೆ ಕಂಪ್ಯೂಟರಿಗೆ ಕೊಟ್ಟ ಹುಕುಂ. ಅದನ್ನು ಒತ್ತಿದರೆ ಕಪ್ಪು ಕಿಟಕಿಯೊಂದು ಬಂದು, ಬೇಕಾದ ಬರಹ ನೋಟ್‌ಪ್ಯಾಡಿನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ.

"ಒಂದು ಫೈಲ್ ತಗಿಯಾಕ ಇನ್ನೊಂದು ಫೈಲ?" ಎಂದಳು ಅವ್ವ.

"ಹೌದ ಬೇ. ಬಾಗಲಾ ತಗಿಯಾಕ ಕೀಲಿ ಬ್ಯಾಡೇನ?"

"ನಮ್ಮ ಬಾಗಲಕ್ಕ ಚಿಲಕಾ ಸೈತ ಇಲ್ಲಲ್ಲ!"

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಯಾಕೆಂದು ಹೇಳಿಬಿಡುತ್ತೇನೆ. ಶಾಲೆಯನ್ನು ನಡುವೆಯೇ ಬಿಟ್ಟವನು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ. ನಾಲ್ಕು ಸಾಲು ಒಟ್ಟಿಗೆ ಕಂಡರೆ ಬೆವರುತ್ತೇನೆ. ಅಕ್ಕ "ಬಾರಲೇ, ಕಲಿಸ್ತೀನಿ" ಅಂದಾಗಲೆಲ್ಲ ಗೇಲಿ ಮಾಡಿ ಓಡುತ್ತಿದ್ದೆ. ಗುಟ್ಟು ಬಯಲಾದರೆ?

ಗೇಲಿಗೇನು ಬರ! ಒಮ್ಮೆ ಹೊಸ ಬ್ಯಾಚ್ ಫೈಲಿಗೆ ಅಕ್ಕ 'ನೋಟ್‌ಪ್ಯಾಡ್' ಎಂದೇ ಹೆಸರಿಟ್ಟಳು. ಒಳಗಿನ ಹುಕುಂ ಏನು? ನೋಟ್‌ಪ್ಯಾಡನ್ನು ಕರೆ! ಅದು ತನ್ನನ್ನೇ ಕರೆಯಿತು, ತಾನೇ ಬಂತು, ಮತ್ತೆ ತನ್ನನ್ನೇ ಕರೆಯಿತು. ಕಪ್ಪು ಕಿಟಕಿಯಲ್ಲಿ ಒಂದೇ ಸಾಲು ಧೋ ಎಂದು ಸುರಿಯತೊಡಗಿತು.

ಪಕ್ಕದ ಮನೆಯ ಕಾಕಾ ಇಣುಕಿದರು. "ಇದಕ್ಕ ಗಾಳಿ ಬಡದೈತೇನವಾ?"

"ಇಲ್ರಿ ಕಾಕಾ, ನಿಮ್ಮಂಗ ಆಗೇತಿ. ತಾನ ಕೇಳೂದು, ತಾನ ಹೇಳೂದು!"

ಈ ಕಥೆಯನ್ನು ಚಹಾದಂಗಡಿಯಲ್ಲಿ ಅಭಿನಯ ಸಮೇತ ಹೇಳಿ ಎಷ್ಟು ಚಹಾ ಗಿಟ್ಟಿಸಿದೆನೋ!

ಮೊನ್ನೆ ಅಕ್ಕ ಕಣ್ಣಿನ ಆಪರೇಶನ್ನಿಗೆಂದು ಅವ್ವನ ಜೊತೆ ಮಿರಜಿಗೆ ಹೊರಟಳು. ತೋಟ ಹೂವಿನಲ್ಲಿತ್ತು. ಮೋಡ ಕವಿದರೆ ಬೂಜುರೋಗ ಬರುತ್ತದೆ, ಅಂದೇ ಔಷಧ ಹೊಡೆಯಬೇಕು, ಇಲ್ಲದಿದ್ದರೆ ಗೊಂಚಲಿನ ಆಸೆ ಬಿಡಬೇಕು.

"ತಮ್ಮಾ, ಮಾಡಾ ಆದ್ರ ಇದನ್ನ ಒತ್ತು," ಎಂದು ಹೊಸದೊಂದು ಫೈಲ್ ತೋರಿಸಿದಳು. "ಓದಿ ಮುಚ್ಚು. ಮುಂದಿಂದು ತಾನ ಬರ್ತೈತಿ."

ಮರುದಿನವೇ ಮೋಡ! ಅಕ್ಕ ಆಪರೇಶನ್ ಕೋಣೆಯಲ್ಲಿ, ಅವ್ವನ ಫೋನ್ ಬಂದ್. ಯಾರನ್ನು ಕೇಳಲಿ? ಬೆವರುತ್ತಲೇ ಒತ್ತಿದೆ.

ಪರದೆ ತುಂಬ ಒಂದೇ ಸಾಲು. ಬಸ್ಸಿನ ಬೋರ್ಡಿನಂಥ ದಪ್ಪ ಅಕ್ಷರ. "ಹಸರ ಡಬ್ಬಿ ತಗೋ."

ಮುಚ್ಚಿದೆ. ಇನ್ನೊಂದು ತೆರೆಯಿತು. "ಪುಡಿ ಮೊದಲ ಬಕೀಟನ್ಯಾಗ ಕಲಸು."

ಹೋಗಿ ಕಲಸಿ ಬಂದು ಮುಚ್ಚಿದೆ. "ಆಮ್ಯಾಲ ಟಾಕಿಗೆ ಹಾಕು."

ಒಂದನ್ನು ನಾನು ಮುಚ್ಚುವ ತನಕ ಇನ್ನೊಂದು ಬಾಯಿ ಬಿಡುವುದಿಲ್ಲ! ಬೆರಳಿಟ್ಟು, ಕೂಡಿಸಿ, ಎರಡೆರಡು ಸಲ ಓದಿದೆ. ಕಂಪ್ಯೂಟರ್ ಕಾಯುತ್ತಿತ್ತು. ಕಡೆಯದರಲ್ಲಿ, "ಮಾರಿಗೆ ಅರಬಿ ಕಟಗೊಂಡು ಹೊಡಿ" ಎಂದಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊರಟೆ. ಸಂಜೆಯೊಳಗೆ ಇಡೀ ತೋಟಕ್ಕೆ ಹೊಡೆದು ಮುಗಿಸಿದೆ.

ಮನೆಗೆ ಬರುವಷ್ಟರಲ್ಲಿ ಅಕ್ಕನ ಫೋನ್. ಅವಳ ಕಣ್ಣು ಹೇಗಿದೆಯೆಂದು ನಾನು ಕೇಳುವ ಮೊದಲೇ, "ತ್ರಾಸ ಆತೇನೋ?" ಎಂದಳು.

"ಇಲ್ಲ ಅಕ್ಕಾ," ಎಂದೆ. ಚೇಷ್ಟೆಯ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಅಕ್ಕಾ, ನನಗ... ಓದಾಕ ಸರಿ ಬರಂಗಿಲ್ಲ."

ಅಕ್ಕ ಮೆತ್ತಗೆ ಕೇಳಿದಳು:

"ಅಕ್ಷರ ಇನ್ನೊಂದೀಟ ದೊಡ್ಡವು ಮಾಡ್ಲೇನ?"