ಆಟದಂಗಡಿಯವರು ಕೇಳಿದ್ದು

ಬೇಲಾಪುರದ ಒಂದು ಕಚೇರಿಯಲ್ಲಿ ಅರ್ಧಂಬರ್ಧ ತುಂಬಿದ ಅರ್ಜಿಗಳನ್ನು ವಾಪಸು ಕಳಿಸುವುದೇ ನನ್ನ ಕೆಲಸ. ಇಂಥವನ ಕೈಗೆ ಮಗಳು ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಆಟದಂಗಡಿಯ ಫಾರ್ಮು ಕೊಟ್ಟರೆ ಏನಾಗಬೇಕೋ ಅದು ಡೊಂಬಿವ್ಲಿಯ ನಮ್ಮ ಮನೆಯಲ್ಲಿ ಆಗುತ್ತಲೇ ಇರುತ್ತದೆ.

ಹುಟ್ಟಿದ ದಿನ

ಮಗಳಿಗೆ ವಯಸ್ಸು ಸಾಲದೆಂದು ಖಾತೆಯನ್ನು ನನ್ನ ಹೆಸರಿನಲ್ಲೇ ತೆರೆದೆವು. ಜನ್ಮದಿನಾಂಕ ಕೇಳಿದರು. ಜೂನ್ ಒಂದು ಎಂದು ಬರೆದೆ. ಊರಿನ ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ನನಗೂ ಇಬ್ಬರು ತಮ್ಮಂದಿರಿಗೂ ಅದೇ ದಿನ ಕೊಟ್ಟಿದ್ದರು. ನಿಜವಾದದ್ದನ್ನು ಬರೆಯಿರಿ ಎಂದಳು ಹೆಂಡತಿ. ನಿಜವಾದದ್ದು ಅಮ್ಮನಿಗೆ ಮಾತ್ರ ಗೊತ್ತು, ಅದೂ ಚೌತಿಯ ಮಾರನೆಯ ದಿನವೆಂದು. ಫಾರ್ಮಿನಲ್ಲಿ ಚೌತಿಗೆ ಜಾಗವಿರಲಿಲ್ಲ. ಜೂನ್ ಒಂದರಂದು ಅಂಗಡಿಯವರು ಶುಭಾಶಯದ ಜೊತೆ ಆಟದಲ್ಲಿ ಬಳಸುವ ಕತ್ತಿಯೊಂದನ್ನೂ ಕಳಿಸಿದರು. ನನ್ನ ಹುಟ್ಟುಹಬ್ಬಕ್ಕೆ ಜೀವಮಾನದಲ್ಲಿ ಸಿಕ್ಕ ಮೊದಲ ಉಡುಗೊರೆ ಅದು, ನಾನು ಹುಟ್ಟದ ದಿನ ಬಂತು.

ಕರೆಯೋಲೆ

ಆಮೇಲೆ ಅಂಗಡಿ ಮೊಬೈಲಿಗೂ ಬಂತು. ಫೋನಿನಲ್ಲಿರುವ ಎಲ್ಲರ ನಂಬರು ನೋಡಬಹುದೇ ಎಂದು ಕೇಳಿತು. ಇಷ್ಟು ವಿನಯದಿಂದ ಕೇಳುವವರಿಗೆ ಇಲ್ಲ ಎನ್ನುವುದು ಹೇಗೆ? ಹೂಂ ಎಂದೆ. ಗಂಟೆಯೊಳಗೆ ‘ಬನ್ನಿ, ನನ್ನೊಡನೆ ಯುದ್ಧ ಮಾಡಿ’ ಎಂಬ ಕರೆ ನನ್ನ ಹೆಸರಿನಲ್ಲಿ ಎಲ್ಲರಿಗೂ ಹೋಯಿತು, ಖಾರಘರದಲ್ಲಿರುವ ಹೆಂಡತಿಯ ಅಣ್ಣನಿಗೂ. ಭಾವ ಫೋನು ಮಾಡಿದರು. ಯುದ್ಧದ ಬಗ್ಗೆ ಅವರಿಗೆ ತಕರಾರಿರಲಿಲ್ಲ.

“ಮೆಸೇಜಲ್ಲಿ ಕರೆಯುವ ಕ್ರಮ ಉಂಟಾ? ಹಿರಿಯರನ್ನು ಮನೆಗೆ ಬಂದು ಕರೆಯಬೇಕು,” ಎಂದರು.

ಭಾನುವಾರ ಗಂಡಹೆಂಡತಿ ಥಾಣೆಯಲ್ಲಿ ಟ್ರೇನು ಬದಲಿಸಿ ಖಾರಘರಕ್ಕೆ ಹೋಗಿ, ತೆಂಗಿನಕಾಯಿ ಕೊಟ್ಟು, ಕ್ರಮಪ್ರಕಾರ ಯುದ್ಧಕ್ಕೆ ಕರೆದು ಬಂದೆವು.

ಅಮ್ಮನ ಹೆಸರು

ಮಗಳು ಎರಡು ವರ್ಷ ಕೂತು ಆಟದೊಳಗೆ ಒಂದು ಊರು ಕಟ್ಟಿದ್ದಳು. ಸೇತುವೆ, ಆಸ್ಪತ್ರೆ, ಡೊಂಬಿವ್ಲಿಯಲ್ಲಿ ಕಾಣಸಿಗದ ಅಗಲ ರಸ್ತೆ. ಒಂದು ಸಂಜೆ ಅಂಗಡಿಯವರು ಹೊಸ ಪ್ರಶ್ನೆ ಹಾಕಿದರು. ಖಾತೆದಾರರ ತಾಯಿಯ ಮದುವೆಗೆ ಮುಂಚಿನ ಹೆಸರೇನು? ಹೇಳದಿದ್ದರೆ ನಾಳೆಯಿಂದ ಖಾತೆ ಬಂದ್.

“ಪಪ್ಪಾ, ಕುಛ್ ಭೀ ಲಿಖ್ ದೋ,” ಎಂದು ಮಗಳು ಅಳತೊಡಗಿದಳು.

ಏನಾದರೊಂದು ಬರೆದುಬಿಡುವುದು ನನ್ನಿಂದಾಗದ ಕೆಲಸ. ಮದುವೆಯ ದಿನ ಗಂಡನ ಮನೆಯವರು ಅಮ್ಮನಿಗೆ ಹೊಸ ಹೆಸರಿಟ್ಟಿದ್ದರೆಂದು ಗೊತ್ತಿತ್ತು. ಹಳೆಯದು ಏನೆಂದು ನಾನು ಯಾವತ್ತೂ ಕೇಳಿರಲಿಲ್ಲ. ನಮ್ಮ ಜೊತೆಗೇ ಇರುವ ಅಮ್ಮನನ್ನು ಈಗ ಕೇಳಿದೆ.

ಅಮ್ಮ ಹೆಸರು ಬಿಟ್ಟುಕೊಡಲಿಲ್ಲ. ಅವರಿಗೆ ಈವರೆಗೆ ಏನೇನು ಹೇಳಿದ್ದಿ ಎಂದು ವಿಚಾರಿಸಿದಳು. ಹುಟ್ಟಿದ ದಿನ, ವಿಳಾಸ, ಕೆಲಸ, ಬಂಧುಬಳಗದ ನಂಬರು ಎಂದೆ. ಇಷ್ಟೆಲ್ಲ ಕೇಳುವವರು ಹೆಣ್ಣು ಕೇಳುವವರೇ, ಹುಡುಗಿಗೆ ಇನ್ನೂ ಹನ್ನೆರಡು ಎಂದು ಹೇಳಿಬಿಡು ಎಂದಳು. ಅಲ್ಲಮ್ಮಾ, ಆಟದ ಅಂಗಡಿ ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಮೊಮ್ಮಗಳ ಕಣ್ಣೀರು ನೋಡಲಾರದೆ ಮೆಲ್ಲಗೆ ಹೇಳಿದಳು, ಕುಸುಮಾ. ಐವತ್ತು ವರ್ಷ ಈ ಮನೆತನದಲ್ಲಿ ಯಾರೂ ಕರೆಯದ ಹೆಸರು. ಬರೆಯುವಾಗ ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಊರು ಉಳಿಯಿತು.

ಮಗಳು ಸೇತುವೆಯ ಮೇಲೆ ಬಸ್ಸು ಓಡಿಸುತ್ತಿದ್ದಾಗ ಅಮ್ಮ ನನ್ನನ್ನು ಹತ್ತಿರ ಕರೆದಳು.

“ಅಲ್ಲ ಮಗಾ, ನಮ್ಮದೆಲ್ಲ ಹೇಳಿ ಆಯಿತು. ಹುಡುಗನ ಕಡೆಯವರು ಅವರದ್ದು ಏನಾದರೂ ಹೇಳಿದ್ದಾರಾ?”