ತೊಟ್ಟಿಯ ನೆತ್ತಿಯ ಬಿಸಿಲುಮಾಪಕ

ಭೂಗೋಳದ ಮೇಷ್ಟ್ರ ಕೊರಗು ಒಂದೇ. ಶಾಲೆಯಲ್ಲಿ ನೂರಾರು ಮಕ್ಕಳು ಅವರ ಮಾತು ನಂಬುತ್ತಿದ್ದರು. ಮನೆಯಲ್ಲಿ ಹೆಂಡತಿಯೊಬ್ಬಳು ಅವರ ಹವಾಮಾನ ಕೇಂದ್ರವನ್ನು ನಂಬುತ್ತಿರಲಿಲ್ಲ. ಗಾಳಿ, ಮಳೆ, ತೇವಾಂಶಗಳ ಲೆಕ್ಕವನ್ನೆಲ್ಲ ತಾರಸಿಯಿಂದ ಅಡುಗೆಮನೆ ಗೋಡೆಯ ಪರದೆಗೆ ಇಳಿಸುತ್ತಿದ್ದ ಆ ಕೇಂದ್ರಕ್ಕೆ ಆಕೆ ಇಟ್ಟ ಹೆಸರು 'ನನ್ನ ಸವತಿ'. (ಸವತಿಗೆ ಆಗಾಗ ಹೊಸ ಒಡವೆ ಬರುತ್ತಿದ್ದದ್ದೂ ಸುಳ್ಳಲ್ಲ.)

ಈ ಸಲದ ಒಡವೆ ಸೂರ್ಯನ ವಿಕಿರಣ ಅಳೆಯುವ ಸೆನ್ಸರ್. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಠೀವಿ ಮಾತ್ರ ಚಕ್ರವರ್ತಿಯದು: ಯಾರ ನೆರಳೂ ತನ್ನ ಮೇಲೆ ಬೀಳಕೂಡದು! ಅಂಥ ಸಿಂಹಾಸನ ಮನೆಯಲ್ಲಿದ್ದದ್ದು ಒಂದೇ, ತಾರಸಿಯ ನೀರಿನ ತೊಟ್ಟಿಯ ನೆತ್ತಿ.

"ಏಣಿ ಮುಟ್ಟಿದ್ರೆ ನೋಡಿ!" ಎಂದಿದ್ದಳು ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು, ಏಣಿಯಿಂದ ಬಿದ್ದು ಬಂದವರನ್ನು ದಿನವೂ ಕಂಡವಳು. "ಬಿದ್ದು ಬಂದ ಗಂಡಸರೆಲ್ಲ ಒಂದೇ ಮಾತು ಹೇಳ್ತಾರೆ, ಎರಡೇ ನಿಮಿಷದ ಕೆಲಸ ಇತ್ತು ಅಂತ."

ಭಾನುವಾರ ಮೇಷ್ಟ್ರು "ಕ್ಷೌರಕ್ಕೆ ಹೋಗ್ಬರ್ತೀನಿ ಕಣೇ" ಎಂದು ಮುಂಬಾಗಿಲಿಂದ ಹೊರಟು, ಹಿಂದಿನ ಮೆಟ್ಟಿಲು ಹಿಡಿದು ತಾರಸಿ ಸೇರಿದರು. ಅಂಗಿ ಕಳಚಿ, ಒಣಹಾಕಿದ್ದ ಹಾಸಿಗೆ ಬಟ್ಟೆಗಳ ಪಕ್ಕ ತೂಗುಹಾಕಿ, ಏಣಿ ಹತ್ತಿ ತೊಟ್ಟಿಯ ಮೇಲೆ ನಿಂತರು. ಸೆನ್ಸರ್ ಕೂತಿತು, ವೈರು ಕೂಡಿತು. ಕೈಕೆಲಸದ ಅಂದ ನೋಡಲು ಒಂದು ಹೆಜ್ಜೆ ಹಿಂದಿಟ್ಟರು. ಹಿಮ್ಮಡಿ ಏಣಿಗೆ ತಾಗಿತು. ಏಣಿ ಧಡಾರನೆ ಕೆಳಗೆ ಮಲಗಿತು.

ಫೋನು ಅಂಗಿಯ ಜೇಬಿನಲ್ಲಿ, ಅಂಗಿ ತಂತಿಯ ಮೇಲೆ.

"ಲೇ! ಇವಳೇ!" ಎಂದು ಕೂಗಿದರು. ಪಕ್ಕದ ಮನೆಯಲ್ಲಿ ಟೈಲ್ಸ್ ಕತ್ತರಿಸುವ ಯಂತ್ರ ಅವರ ಕೂಗನ್ನೂ ಸೇರಿಸಿ ಕತ್ತರಿಸಿತು. ಹಾರೋಣವೆಂದು ಇಣುಕಿದರೆ ಕಣ್ಣು ಕತ್ತಲಿಟ್ಟಿತು. ಕಾದ ಸಿಮೆಂಟು ಅಂಗಾಲನ್ನು ಹುರಿಯುತ್ತಿತ್ತು. ಅಷ್ಟರಲ್ಲಿ ಕೆಳಗೆ ಕಿಟಕಿಗಳು ಒಂದೊಂದೇ ಮುಚ್ಚಿಕೊಳ್ಳುವ ಸದ್ದು. ಹೆಂಡತಿ ಮಧ್ಯಾಹ್ನದ ಪಾಳಿಗೆ ಹೊರಡುತ್ತಿದ್ದಳು! ಬೀಗ ಜಡಿದು ಹೋದಳೆಂದರೆ ಮೇಷ್ಟ್ರು ಕತ್ತಲಾಗುವಷ್ಟರಲ್ಲಿ ಹಪ್ಪಳ.

ತಟ್ಟನೆ ಉಪಾಯ ಹೊಳೆಯಿತು. ಸೆನ್ಸರ್ ಮೇಲೆ ಅಂಗೈ ಮುಚ್ಚಿ ಹಿಡಿದರು. ಪರದೆಯಲ್ಲಿ ಬಿಸಿಲು ಸೊನ್ನೆಗೆ ಇಳಿದಿರಬೇಕು. ಆದರೆ ಆಕೆ ಆ ಪರದೆಯತ್ತ ತಿರುಗಿ ನೋಡಿದ್ದಾದರೂ ಯಾವಾಗ? ಇನ್ನೊಂದು ಕಿಟಕಿ ಮುಚ್ಚಿತು. ಬೆವರು ಕಣ್ಣಿಗಿಳಿಯಿತು. 'ಒಂದೇ ಒಂದು ಸಲ ನೋಡೇ ತಾಯಿ' ಎಂದು ಹೆಂಡತಿಯನ್ನೇ ಕುಲದೇವತೆ ಮಾಡಿಕೊಂಡು ಬೇಡಿದರು.

ಮೆಟ್ಟಿಲಲ್ಲಿ ದಡಬಡ ಹೆಜ್ಜೆ ಸದ್ದು! ಬಿಳಿ ಸಮವಸ್ತ್ರದಲ್ಲಿ ಓಡಿಬಂದ ಹೆಂಡತಿ ತಲೆಯೆತ್ತದೆ ನೇರ ಬಟ್ಟೆಗಳಿಗೆ ಕೈಹಾಕಿದಳು.

"ಇಲ್ಲಿ ನೋಡೇ! ಮೊದಲು ಏಣಿ ಎತ್ತು!"

ಆಕೆ ಬೆಚ್ಚಿದಳು. ನೋಡಿದಳು. ತಲೆಗೂದಲಿನಿಂದ ಬನಿಯನ್ ತನಕ ಕಣ್ಣಾಡಿಸಿದಳು. "ಕ್ಷೌರದಂಗಡಿ ಬಹಳ ಎತ್ತರದಲ್ಲಿದೆ," ಎಂದು ಮತ್ತೊಂದು ಬಟ್ಟೆ ಎಳೆದಳು. "ಇರಿ. ಮಳೆ ಬರೋ ಹಾಗಿದೆ. ಇದನ್ನೆಲ್ಲ ಒಳಗೆ ಹಾಕಿ ಬರ್ತೀನಿ."

"ಮಳೆ ಎಲ್ಲಿಂದ ಬರುತ್ತೆ? ನೆತ್ತಿ ಸುಡ್ತಿದೆ!"

"ಬಿಸಿಲು ಪೂರ್ತಿ ಸೊನ್ನೆ ಅಂತ ಪರದೆಯಲ್ಲಿ ನೋಡಿಯೇ ಓಡಿಬಂದೆ."

"ಅದು ಸುಳ್ಳು ಕಣೇ! ನಾನು ಕೈ ಅಡ್ಡ ಇಟ್ಟಿದ್ದೆ!"

ಬಟ್ಟೆಯ ರಾಶಿ ಅಪ್ಪಿಕೊಂಡು ಮೆಟ್ಟಿಲಿಳಿಯುತ್ತಿದ್ದ ಹೆಂಡತಿ ಒಂದು ಕ್ಷಣ ನಿಂತಳು.

"ಸುಮ್ನಿರಿ. ತಪ್ಪು ನೀವು ಮಾಡಿ, ಪಾಪ ಆ ಯಂತ್ರದ ಮೇಲೆ ಹಾಕ್ತೀರಾ? ಅದೇನು ನಿಮ್ಮ ಹಾಗೆ ಸುಳ್ಳು ಹೇಳುತ್ತಾ?"